ಹಳೇ ಕಂಪ್ಯೂಟರ್ ಸಿಕ್ಕಿತಾ? ತಕ್ಷಣ ಸ್ವಿಚ್ ಹಾಕಬೇಡಿ

ನನ್ನ ಮೊದಲ ಹಳೇ ಕಂಪ್ಯೂಟರ್ ಸಿಕ್ಕಿದ್ದು ತುಮಕೂರಿನ ಒಂದು ಗುಜರಿ ಅಂಗಡಿಯಲ್ಲಿ. ಸೈಕಲ್ ರಿಮ್ಮು, ತುಕ್ಕು ಹಿಡಿದ ತಗಡು, ಒಡೆದ ಮಿಕ್ಸಿ ಜಾರುಗಳ ನಡುವೆ ಮೂಲೆಯಲ್ಲಿ ಕೂತಿತ್ತು. ಬಿಳಿ ಕ್ಯಾಬಿನೆಟ್ ಬೀಡಿ ಸೇದುವವರ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. "ಇದನ್ನ ತಗೊಂಡು ಏನ್ ಮಾಡ್ತೀರ ಸಾರ್? ಬರೀ ತಗಡು" ಅಂದರು ಅಂಗಡಿಯವರು. ತಕ್ಕಡಿಗಿಟ್ಟು ಕಬ್ಬಿಣದ ರೇಟಿಗೇ ಕೊಟ್ಟರು. ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಮನೆಗೆ ತಂದೆ. ತಂದವನೇ ಮಿಕ್ಸಿ ಪ್ಲಗ್ ಕಿತ್ತು, ಇದರದ್ದು ಸಿಕ್ಕಿಸಿ ಸ್ವಿಚ್ ಹಾಕಿದೆ.

ಢಮಾರ್! ಹೊಗೆ, ಸೀದ ಮೀನಿನಂಥ ವಾಸನೆ, ಫ್ಯೂಸ್ ಹಾರಿ ಮನೆಯೆಲ್ಲ ಕತ್ತಲೆ. ಒಗ್ಗರಣೆ ಹಾಕುತ್ತಿದ್ದ ಅಮ್ಮ ಸೌಟು ಹಿಡಿದುಕೊಂಡೇ ಈಚೆ ಬಂದರು.

ತಪ್ಪು ನನ್ನದೇ. ಕ್ಯಾಬಿನೆಟ್ಟಿನ ಹಿಂದೆ, ಪವರ್ ವೈರ್ ಸಿಕ್ಕಿಸುವ ಜಾಗದ ಪಕ್ಕ ಒಂದು ಪುಟ್ಟ ಕೆಂಪು ಸ್ವಿಚ್ ಇರುತ್ತದೆ. ಅದರ ಮೇಲೆ 230 ಅಂತ ಕಾಣಬೇಕು. ನನ್ನದರಲ್ಲಿ 115 ಇತ್ತು. ಯಾರೋ ಮಕ್ಕಳು ಆಟಕ್ಕೆ ಸರಿಸಿರಬೇಕು. 115ರಲ್ಲಿ ಇದ್ದಾಗ ಎಸ್‌ಎಂಪಿಎಸ್ (ಮನೆ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟಿಗೆ ಇಳಿಸುವ ಡಬ್ಬಿ) ಒಳಗೆ ಬಂದ ವೋಲ್ಟೇಜನ್ನು ಎರಡು ಪಟ್ಟು ಮಾಡುವ ಸರ್ಕ್ಯೂಟ್ ಕೆಲಸ ಮಾಡುತ್ತದೆ. 200 ವೋಲ್ಟ್ ತಡೆಯುವ ಎರಡು ದೊಡ್ಡ ಕೆಪಾಸಿಟರ್‌ಗಳ (ಚಾರ್ಜ್ ತುಂಬಿಟ್ಟುಕೊಳ್ಳುವ ಡಬ್ಬಿಗಳ) ಮೇಲೆ ತಲಾ 325 ವೋಲ್ಟ್ ಬಂದು ಕೂರುತ್ತದೆ. ಸಿಡಿಯದೆ ಇನ್ನೇನು ಮಾಡಬೇಕು ಪಾಪ!

ಅವತ್ತಿನಿಂದ ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ. ಹಳೇ ಮಷಿನ್ ಮನೆಗೆ ಬಂದ ದಿನ ಕರೆಂಟ್ ಕೊಡುವುದಿಲ್ಲ. ಇಪ್ಪತ್ತು ವರ್ಷ ಸುಮ್ನೆ ಕೂತ ಕಂಪ್ಯೂಟರ್ ಕೂತಲ್ಲೇ ಕೆಡುವುದು ಕಡಿಮೆ. ನಮ್ಮ ಆತುರದಿಂದ ಕೆಡುವುದೇ ಜಾಸ್ತಿ. ಕೆಳಗಿರುವ ಕ್ರಮ ನಾನು ಪಾಲಿಸುವ ಕ್ರಮ.

ಯಾವ ಮಷಿನ್ ತರಬೇಕು

ಕಲಿಯುವುದಕ್ಕೆ 2000ದಿಂದ 2005ರ ನಡುವಿನ ಮಷಿನ್ ವಾಸಿ. ಪೆಂಟಿಯಂ 3, ಪೆಂಟಿಯಂ 4, ಇಲ್ಲವೇ ಅದೇ ಕಾಲದ ಸೆಲೆರಾನ್. ಬಿಡಿಭಾಗ ಇನ್ನೂ ಸಿಗುತ್ತವೆ, ಒಂದು ಹಾಳಾದರೆ ಹೊಟ್ಟೆ ಉರಿಯುವುದಿಲ್ಲ. ಅದಕ್ಕಿಂತ ಹಳೇ ಪ್ರೊಸೆಸರಿನ 386, 486 ಮಷಿನ್ ಸಿಕ್ಕರೆ ಖಂಡಿತ ಬಿಡಬೇಡಿ. ಆದರೆ ಮೊದಲ ಪಾಠವನ್ನು ಅದರ ಮೇಲೆ ಕಲಿಯಬೇಡಿ, ಕಟ್ಟಿ ಎತ್ತಿಡಿ.

ಎಲ್ಲಿ ಸಿಗುತ್ತದೆ ಅಂದರೆ, ಗುಜರಿಗಿಂತ ಮೊದಲು ನೆಂಟರ ಅಟ್ಟ ನೋಡಿ. ಆಮೇಲೆ ಬಾಗಿಲು ಹಾಕಿದ ಸೈಬರ್ ಕೆಫೆ, ಟೈಪಿಂಗ್ ಇನ್‌ಸ್ಟಿಟ್ಯೂಟು, ಡಿಟಿಪಿ ಅಂಗಡಿ (ಅಚ್ಚಿಗೆ ಹೋಗುವ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಕೊಡುವ ಅಂಗಡಿ). ಒಂದು ಕಾಲಕ್ಕೆ ನಮ್ಮೂರಲ್ಲಿ ಪ್ರಿಂಟಿಂಗ್ ಪ್ರೆಸ್ ಇದ್ದ ಕಡೆಯೆಲ್ಲ ಒಂದು ಡಿಟಿಪಿ ಅಂಗಡಿ ಇರುತ್ತಿತ್ತು. ಅಲ್ಲಿನ ಮಷಿನ್‌ಗಳು ದಿನಕ್ಕೆ ಹನ್ನೆರಡು ಗಂಟೆ ದುಡಿದವು, ಆದರೂ ಗಟ್ಟಿ. ಅಶೋಕ ರಸ್ತೆ ಕಡೆ ಬಹಳ ವರ್ಷ ಡಿಟಿಪಿ ಮಾಡಿ ಈಗ ಅಂಗಡಿ ಮುಚ್ಚಿರುವ ಹಿರಿಯರೊಬ್ಬರು ನನಗೆ ಒಂದು ಪೆಂಟಿಯಂ 4 ಕೊಟ್ಟರು. "ದುಡ್ಡು ಬೇಡ ಕಣಪ್ಪ, ತಗೊಂಡು ಹೋಗು. ಒಳಗೆ ನನ್ನ ಮಗಳ ಲಗ್ನಪತ್ರಿಕೆ ಇರಬೇಕು. ಸಿಕ್ಕರೆ ಅದೊಂದು ತೆಗೆದುಕೊಡು" ಅಂದರು. ಮುಂದೆ ಹೇಳುವ ಬಹಳಷ್ಟು ಕೆಲಸ ಆ ಮಷಿನ್ ಮೇಲೆ ಮಾಡಿದ್ದು.

ಡಿಟಿಪಿ ಮಷಿನ್ ತರುವಾಗ ಒಂದು ಮಾತು. ಹಿಂದುಗಡೆ ಪ್ರಿಂಟರ್ ಪೋರ್ಟಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಗ್ ಒಂದು ಸಿಕ್ಕಿಕೊಂಡಿದ್ದರೆ ಅದನ್ನು ಕಿತ್ತು ಬಿಸಾಡಬೇಡಿ. ಅದು ಡಾಂಗಲ್. ಆ ಕಾಲದ ಕೆಲವು ಕನ್ನಡ ತಂತ್ರಾಂಶಗಳು ಅದಿಲ್ಲದೆ ಓಡುವುದೇ ಇಲ್ಲ.

ಹಳೇ ದಪ್ಪ ಮಾನಿಟರ್ ಜೊತೆಗೆ ಬಂದರೆ ಹೊರಗಿನಿಂದ ಒರೆಸಿ ಬಳಸಿ, ಒಳಗೆ ಮಾತ್ರ ಬಿಚ್ಚಬೇಡಿ. ಅದರ ಪಿಕ್ಚರ್ ಟ್ಯೂಬ್ 25,000 ವೋಲ್ಟ್ ಆಸುಪಾಸಿನಲ್ಲಿ ಓಡುತ್ತದೆ. ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ. ಅದು ಹಳೇ ಟಿವಿ ರಿಪೇರಿ ಬಲ್ಲವರ ಕೆಲಸ.

ಸಾಮಾನು

ಒಂದು ಒಳ್ಳೆಯ ಸ್ಟಾರ್ ಸ್ಕ್ರೂಡ್ರೈವರ್, ಡಿಜಿಟಲ್ ಮಲ್ಟಿಮೀಟರ್, ಎರಡಿಂಚಿನ ಪೇಂಟ್ ಬ್ರಷ್, ಹಳೇ ಟೂತ್‌ಬ್ರಷ್, ಬಿಳಿ ರಬ್ಬರ್, ಥರ್ಮಲ್ ಪೇಸ್ಟ್, ಐಸೋಪ್ರೊಪೈಲ್ ಆಲ್ಕೋಹಾಲ್. ಕೊನೆಯದನ್ನು ಅಂಗಡಿಯಲ್ಲಿ ಐಪಿಎ ಅಂದರೆ ಸಾಕು, ಕೊಡುತ್ತಾರೆ. ಸಾಲ್ಡರಿಂಗ್ ಐರನ್ ಆಮೇಲೆ ತಗೊಂಡರೂ ಆಯಿತು. ಇಷ್ಟೆಲ್ಲ ತುಮಕೂರಿನಲ್ಲೇ ಸಿಗುತ್ತದೆ. ಸಿಗದೇ ಇರುವುದಕ್ಕೆ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಬೇಕು. ಎಪ್ಪತ್ತು ಕಿಲೋಮೀಟರ್, ಬೆಳಿಗ್ಗೆ ರೈಲಿಗೆ ಹೋದರೆ ಮಧ್ಯಾಹ್ನ ಊಟಕ್ಕೆ ವಾಪಸ್. ಭಾನುವಾರ ಮಾತ್ರ ಹೋಗಬೇಡಿ, ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತವೆ.

ಇನ್ನೊಂದು ಸಾಮಾನು ಬೇಕು, ಅದು ಅಂಗಡಿಯಲ್ಲಿ ಸಿಗುವುದಿಲ್ಲ, ಮಾಡಿಸಬೇಕು: ಸೀರೀಸ್ ಬಲ್ಬಿನ ಬೋರ್ಡು. ಮೋಟಾರ್ ಕಾಯಿಲ್ ಕಟ್ಟುವವರ ಹತ್ತಿರ ನೋಡಿರುತ್ತೀರ. ಪ್ಲಗ್ ಪಾಯಿಂಟಿಗೆ ಹೋಗುವ ಫೇಸ್ ವೈರ್ ನಡುವೆ ಒಂದು ಬಲ್ಬ್ ಹೋಲ್ಡರ್. ಅದಕ್ಕೆ 100 ವ್ಯಾಟಿನ ಹಳೇ ತಂತಿ ಬಲ್ಬು. ಎಲ್‌ಇಡಿ ಬಲ್ಬ್ ಆಗುವುದಿಲ್ಲ. ವೈರಿಂಗ್ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿಕೊಳ್ಳಿ. ಕರೆಂಟ್ ಮಿತಿಮೀರಿ ಹರಿಯದಂತೆ ಬಲ್ಬು ತಡೆಯುತ್ತದೆ. ನನ್ನ ಹತ್ತಿರ ಇದು ಇದ್ದಿದ್ದರೆ ಬಹುಶಃ ಅವತ್ತು ಢಮಾರ್ ಆಗುತ್ತಿರಲಿಲ್ಲ.

ಬಿಚ್ಚಿ, ಫೋಟೋ ತೆಗೆದು, ದೂಳು ಹೊಡೆಯಿರಿ

ಪಕ್ಕದ ಬಾಗಿಲು ತೆಗೆದ ಕೂಡಲೇ ಏನನ್ನೂ ಕೀಳಬೇಡಿ. ಮೊಬೈಲಿನಲ್ಲಿ ಹತ್ತು ಫೋಟೋ ತೆಗೆಯಿರಿ. ಯಾವ ವೈರ್ ಎಲ್ಲಿತ್ತು, ಯಾವ ಬಣ್ಣ ಯಾವ ಕಡೆಗೆ. ಪವರ್ ಬಟನ್, ರೀಸೆಟ್, ಲೈಟುಗಳ ಸಣ್ಣ ವೈರುಗಳನ್ನು ಹತ್ತಿರದಿಂದ ತೆಗೆಯಿರಿ. ಕಿತ್ತ ಮೇಲೆ ನೆನಪಿರುತ್ತದೆ ಅಂದುಕೊಳ್ಳುತ್ತೇವೆ, ಇರುವುದಿಲ್ಲ.

ಒಳಗೆ ಏನು ಸಿಗುತ್ತದೆ ಅಂತ ಹೇಳುವುದಕ್ಕೆ ಆಗುವುದಿಲ್ಲ. ಜಿರಳೆ, ಹಲ್ಲಿ ಮೊಟ್ಟೆ, ಇಲಿ ಕಡಿದ ಐಡಿಇ ಕೇಬಲ್ಲು (ಹಳೇ ಹಾರ್ಡ್ ಡಿಸ್ಕಿನ ಅಗಲ ಕೇಬಲ್ಲು) ಎಲ್ಲ ನೋಡಿದ್ದೇನೆ. ಡಿಟಿಪಿ ಮಷಿನ್ನಿನಲ್ಲಿ ಸಿಕ್ಕಿದ್ದು ಕಡಜದ ಗೂಡು. ಹಿಂದೆ ಕಾರ್ಡ್ ಇಲ್ಲದ ಒಂದು ಸ್ಲಾಟಿನ ತಗಡಿನ ಪಟ್ಟಿ ಕಳೆದುಹೋಗಿತ್ತು. ಆ ಸಂದಿಯಿಂದ ಕಡಜ ಬಂದು, ಪಿಸಿಐ ಸ್ಲಾಟಿನೊಳಗೆ (ಬೋರ್ಡಿಗೆ ಕಾರ್ಡ್ ಸಿಕ್ಕಿಸುವ ಸಂದಿಯೊಳಗೆ) ಹೆಬ್ಬೆರಳಷ್ಟು ಉದ್ದ ಕೆಮ್ಮಣ್ಣು ತುಂಬಿ ಗೂಡು ಕಟ್ಟಿತ್ತು. ನೀರು ಹಾಕಿ ನೆನೆಸೋಣ ಅನ್ನಿಸಿತು. ಬೇಡ. ಒಣಗಿದ ಮಣ್ಣನ್ನು ಐಸ್‌ಕ್ರೀಂ ಕಡ್ಡಿಯಿಂದ ಪುಡಿ ಮಾಡಿ, ಸ್ಲಾಟನ್ನು ಕೆಳಮುಖ ಮಾಡಿ ತಟ್ಟಿದೆ. ಉಳಿದದ್ದನ್ನು ಟೂತ್‌ಬ್ರಷ್ಷಿಗೆ ಐಪಿಎ ಹಾಕಿ ಉಜ್ಜಿದೆ. ಅರ್ಧ ದಿನ ಹಿಡಿಯಿತು.

ದೂಳನ್ನು ಮನೆಯೊಳಗೆ ಹೊಡೆಯಬೇಡಿ. ಟೆರೇಸಿಗೆ ಒಯ್ದು, ಮೂಗಿಗೆ ಟವಲ್ ಕಟ್ಟಿಕೊಂಡು ಬ್ರಷ್ಷಿನಿಂದ ಮೊದಲು ಕೆದಕಿ, ಆಮೇಲೆ ಬ್ಲೋವರ್. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಗೆ ಗಿರ್ರನೆ ತಿರುಗಿದರೆ ಬೇರಿಂಗ್ ಸವೆಯುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಮ್ಮ ಕಡೆ ಹವೆ ಒಣ. ಮೈಮೇಲೆ ಸ್ಟ್ಯಾಟಿಕ್ ಕೂತಿರುತ್ತದೆ. ಬೋರ್ಡ್ ಮುಟ್ಟುವ ಮೊದಲು ಪ್ರತಿಸಲ ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಬರಿ ಲೋಹ ಮುಟ್ಟಿ. ಟೆರಿಲಿನ್ ಶರ್ಟ್ ಬೇಡ, ಹತ್ತಿ ಬಟ್ಟೆ ಇರಲಿ.

ಫ್ಯಾನ್ ಗೊರಗೊರ ಅಂದರೆ ಅದರ ನಡುವಿನ ಸ್ಟಿಕ್ಕರ್ ಮೆಲ್ಲಗೆ ಎಬ್ಬಿಸಿ ಒಂದೇ ತೊಟ್ಟು ಹೊಲಿಗೆ ಮೆಷಿನ್ ಎಣ್ಣೆ ಬಿಡಿ. ತಿಪಟೂರು ನಮ್ಮ ಜಿಲ್ಲೆಯಲ್ಲೇ ಇದೆ ಅಂತ ಕೊಬ್ಬರಿ ಎಣ್ಣೆ ಹಾಕಬೇಡಿ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಗಟ್ಟಿಯಾಗುವುದು ಬೇರಿಂಗಿನಲ್ಲೂ ಗಟ್ಟಿಯಾಗುತ್ತದೆ, ಅಲ್ವಾ?

ಸೆಲ್ಲು ಮತ್ತು ಕಿಲುಬು

ಮದರ್‌ಬೋರ್ಡ್ ಮೇಲೆ ಒಂದು ರೂಪಾಯಿ ನಾಣ್ಯದಂಥ ಸೆಲ್ ಇರುತ್ತದೆ, ಸಿಆರ್2032. ಮಲ್ಟಿಮೀಟರಿನಲ್ಲಿ 3 ವೋಲ್ಟ್ ಬರಬೇಕು. 2.8ಕ್ಕಿಂತ ಕೆಳಗಿದ್ದರೆ ಹೊಸದು ಹಾಕಿ. ಸೆಲ್ ಸತ್ತರೆ ಕಂಪ್ಯೂಟರ್ ಸತ್ತಂತಲ್ಲ. ದಿನಾಂಕ ಮರೆಯುತ್ತದೆ, ಹಾರ್ಡ್ ಡಿಸ್ಕ್ ಸೆಟ್ಟಿಂಗ್ ಮರೆಯುತ್ತದೆ, ಪ್ರತಿಸಲ ಎಫ್1 ಒತ್ತು ಅನ್ನುತ್ತದೆ. "ಕಂಪ್ಯೂಟರ್ ಕೆಟ್ಟಿದೆ" ಅಂತ ಗುಜರಿಗೆ ಹಾಕಿದ ಎಷ್ಟೋ ಮಷಿನ್‌ಗಳ ರೋಗ ಇಷ್ಟೇ.

386, 486 ಬೋರ್ಡುಗಳ ಕಥೆ ಬೇರೆ. ಅವುಗಳಲ್ಲಿ ಪುಟ್ಟ ಪೀಪಾಯಿ ಆಕಾರದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅದು ಸೋರುತ್ತದೆ. ಸೋರಿದ್ದು ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಹಸಿರು ಕಿಲುಬು ಕಂಡರೆ ಅದೇ. ಮೊದಲು ಆ ಬ್ಯಾಟರಿಯನ್ನು ಕತ್ತರಿಸಿ ತೆಗೆಯಿರಿ, ಸೋರದೇ ಇದ್ದರೂ ಸರಿ. ನನ್ನ ಬೋರ್ಡ್ ನೋಡಿದ ಅಮ್ಮ "ಹುಣಸೆಹಣ್ಣು ಹಾಕಿ ಉಜ್ಜು, ಹಿತ್ತಾಳೆ ಚೊಂಬು ಹೋಗಲ್ವಾ" ಅಂದರು. ಲೆಕ್ಕ ಸರಿಯಾಗಿದೆ. ಸೋರಿದ್ದು ಕ್ಷಾರ, ಅದಕ್ಕೆ ಹುಳಿ ಬೇಕು. ಆದರೆ ಹುಣಸೆಹಣ್ಣಿನ ತಿರುಳು ಸಂದಿಯಲ್ಲಿ ಉಳಿಯುತ್ತದೆ. ಬಿಳಿ ವಿನೆಗರನ್ನು ಇಯರ್‌ಬಡ್‌ನಲ್ಲಿ ಅದ್ದಿ ಒರೆಸಿ. ನೊರೆ ನಿಂತ ಮೇಲೆ ಆರ್‌ಒ ನೀರಿಗಿಂತ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯಿರಿ, ಕೊನೆಗೆ ಐಪಿಎ. ಎರಡು ದಿನ ನೆರಳಿನಲ್ಲಿ ಒಣಗಲಿ.

ಎಸ್‌ಎಂಪಿಎಸ್ ಪರೀಕ್ಷೆ

ಈಗ ಕರೆಂಟಿನ ಸರದಿ. ಎಸ್‌ಎಂಪಿಎಸ್ಸಿನ ಎಲ್ಲ ವೈರುಗಳನ್ನೂ ಮದರ್‌ಬೋರ್ಡು, ಡಿಸ್ಕುಗಳಿಂದ ಬಿಡಿಸಿ. ಅದರ ಡಬ್ಬಿ ಮಾತ್ರ ತೆರೆಯಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿನ ಆಸುಪಾಸು ಉಳಿದಿರಬಹುದು. ಕೆಂಪು ಸ್ವಿಚ್ 230ರಲ್ಲಿ ಇದೆಯಾ ನೋಡಿ. ಅದರ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿಬಿಡಿ, ಇನ್ನು ಯಾವ ಮಗುವೂ ಸರಿಸಬಾರದು.

ಸೀರೀಸ್ ಬೋರ್ಡಿಗೆ ಸಿಕ್ಕಿಸಿ ಸ್ವಿಚ್ ಹಾಕಿ. ಬಲ್ಬ್ ಒಮ್ಮೆ ಫಳ್ ಅಂದು ಆರಿಹೋದರೆ ಒಳ್ಳೆಯ ಲಕ್ಷಣ. ಒಳಗಿನ ಕೆಪಾಸಿಟರ್ ತುಂಬಿಕೊಂಡಿತು ಅಂತ ಅರ್ಥ. ಬಲ್ಬ್ ಜಗಜಗ ಅಂತ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಆಗಿದೆ. ತಕ್ಷಣ ಆರಿಸಿ. ಆ ಎಸ್‌ಎಂಪಿಎಸ್ ಪಕ್ಕಕ್ಕಿಡಿ, ಬೇರೆ ತನ್ನಿ.

ಈ ಪರೀಕ್ಷೆ ಪಾಸಾದರೆ ಬಲ್ಬ್ ಬಿಟ್ಟು ನೇರ ಪಾಯಿಂಟಿಗೆ ಹಾಕಿ. ಮದರ್‌ಬೋರ್ಡಿಗೆ ಹೋಗುವ ಅಗಲ ಕನೆಕ್ಟರಿನಲ್ಲಿ ಹಸಿರು ವೈರ್ ಒಂದೇ ಇರುತ್ತದೆ. ಅದನ್ನೂ ಯಾವುದಾದರೂ ಕಪ್ಪು ವೈರನ್ನೂ ಪೇಪರ್ ಕ್ಲಿಪ್ಪಿನಿಂದ ಜೋಡಿಸಿದರೆ ಎಸ್‌ಎಂಪಿಎಸ್ ಎದ್ದೇಳುತ್ತದೆ. ಕೆಲವು ಹಳೇ ಎಸ್‌ಎಂಪಿಎಸ್‌ಗಳು ಏನೂ ಹೊರೆ ಇಲ್ಲದಿದ್ದರೆ ಏಳುವುದಿಲ್ಲ, ಎದ್ದರೂ ಸುಳ್ಳು ಲೆಕ್ಕ ಕೊಡುತ್ತವೆ. ಕೆಟ್ಟ ಹಾರ್ಡ್ ಡಿಸ್ಕ್ ಒಂದನ್ನು ಹೊರೆಗೆ ಅಂತಲೇ ಇಟ್ಟುಕೊಳ್ಳಿ.

ಮಲ್ಟಿಮೀಟರಿನ ಕಪ್ಪು ಕಡ್ಡಿ ಕಪ್ಪು ವೈರಿಗೆ. ಕೆಂಪು ಕಡ್ಡಿಯನ್ನು ಒಂದೊಂದಕ್ಕೆ ತಾಕಿಸಿ. ಹಳದಿ 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47 ವೋಲ್ಟ್ ಒಳಗಿರಬೇಕು. ನೇರಳೆ ವೈರಿನಲ್ಲಿ 5 ವೋಲ್ಟ್ ಯಾವಾಗಲೂ ಇರುತ್ತದೆ, ಕಂಪ್ಯೂಟರ್ ಆಫ್ ಆಗಿದ್ದಾಗಲೂ. ಅದಕ್ಕೇ ನಾನು ಪ್ರತಿ ಕೆಲಸಕ್ಕೂ ಮೊದಲು ಗೋಡೆ ಪ್ಲಗ್ಗನ್ನೇ ಕೀಳುವುದು. ಬಟನ್ ಆಫ್ ಮಾಡಿ ರ‍್ಯಾಮ್ (ಮೆಮೊರಿ ಕಡ್ಡಿ) ಕಿತ್ತು ರ‍್ಯಾಮ್ ಸುಟ್ಟುಕೊಂಡವರು ಇದ್ದಾರೆ.

ಇನ್ನೂ ಹಳೆಯ ಮಷಿನ್ನಿನಲ್ಲಿ, ಅಂದರೆ ಎಟಿ ಅನ್ನುವ ಹಳೇ ವಿನ್ಯಾಸದ್ದರಲ್ಲಿ, ಮದರ್‌ಬೋರ್ಡಿಗೆ ಎರಡು ಉದ್ದ ಕನೆಕ್ಟರ್ ಅಕ್ಕಪಕ್ಕ ಬರುತ್ತವೆ. ಎರಡರ ಕಪ್ಪು ವೈರುಗಳೂ ನಡುವೆ ಪರಸ್ಪರ ತಾಗುವಂತೆ ಕೂರಬೇಕು. ಅದಲುಬದಲಾದರೆ ಬೋರ್ಡ್ ಹೋಯಿತು. ಹಾಗೆಯೇ 1990ರ ದಶಕದ ಕೊನೆಯ ಕೆಲವು ಡೆಲ್ ಡೆಸ್ಕ್‌ಟಾಪ್‌ಗಳಲ್ಲಿ ಕನೆಕ್ಟರ್ ನೋಡುವುದಕ್ಕೆ ಮಾಮೂಲಿಯಂತೆಯೇ ಇದ್ದರೂ ವೈರುಗಳ ಕ್ರಮ ಬೇರೆ. ಮಾಮೂಲಿ ಎಸ್‌ಎಂಪಿಎಸ್ ತಂದು ಹಾಕುವ ಮೊದಲು ಬಣ್ಣ ಹೋಲಿಸಿ ನೋಡಿ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದಾ? ಹಳೇ ಮನೆಗಳಲ್ಲಿ ಇದು ಮಾಮೂಲು. ಎಸ್‌ಎಂಪಿಎಸ್ ಬಾಯಲ್ಲಿರುವ ಎರಡು ಪುಟ್ಟ ಕೆಪಾಸಿಟರ್‌ಗಳು ಫೇಸ್ ಮತ್ತು ನ್ಯೂಟ್ರಲ್ಲನ್ನು ತಗಡಿನ ಮೈಗೆ ಸೇರಿಸಿರುತ್ತವೆ. ಸೋರುವ ಕರೆಂಟ್ ಅರ್ಥ್ ವೈರಿನಲ್ಲಿ ಇಳಿದು ಹೋಗಬೇಕು. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ ಸುಮಾರು 115 ವೋಲ್ಟ್ ಕೂರುತ್ತದೆ. ಕರೆಂಟ್ ಬಹಳ ಕಡಿಮೆ, ಹಾಗಾಗಿ ಜುಮ್ ಅನ್ನುತ್ತದೆ ಅಷ್ಟೆ. ಆದರೆ ಇದೇ ಜುಮ್ಮು ಪ್ರಿಂಟರ್ ಪೋರ್ಟನ್ನು ಸುಡಬಲ್ಲದು. ಕಂಪ್ಯೂಟರ್ ರಿಪೇರಿಗಿಂತ ಮೊದಲು ಮನೆಯ ಅರ್ಥಿಂಗ್ ರಿಪೇರಿ ಮಾಡಿಸಿ.

ಕನಿಷ್ಠ ಸಾಮಾನಿನಲ್ಲಿ ಎಬ್ಬಿಸಿ

ಮದರ್‌ಬೋರ್ಡನ್ನು ಹೊರಗೆ ತೆಗೆದು ರಟ್ಟಿನ ಮೇಲಿಡಿ. ಪ್ರೊಸೆಸರ್, ಅದರ ಫ್ಯಾನು, ಒಂದೇ ಒಂದು ರ‍್ಯಾಮ್, ಡಿಸ್ಪ್ಲೇ, ಪುಟ್ಟ ಸ್ಪೀಕರ್. ಇಷ್ಟೇ. ಹಾರ್ಡ್ ಡಿಸ್ಕ್ ಈಗ ಬೇಡವೇ ಬೇಡ.

ರ‍್ಯಾಮಿನ ಬಂಗಾರದ ಬಣ್ಣದ ಅಂಚನ್ನು ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಕೊಡವಿ ಕೂರಿಸಿ. ಪವರ್ ಬಟನ್ನಿನ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರ್ ತುದಿ ಒಂದು ಕ್ಷಣ ತಾಕಿಸಿ. ಬೀಪ್ ಕೇಳಿ. ಅವಾರ್ಡ್ ಕಂಪನಿಯ ಬಯಾಸ್ (ಬೋರ್ಡನ್ನು ಎಬ್ಬಿಸುವ, ಅದರೊಳಗೇ ಇರುವ ತಂತ್ರಾಂಶ) ಇದ್ದರೆ ಒಂದು ಉದ್ದ ಎರಡು ಗಿಡ್ಡ ಬೀಪ್ ಅಂದರೆ ಡಿಸ್ಪ್ಲೇ ಕಾರ್ಡಿನ ತೊಂದರೆ. ಉದ್ದುದ್ದ ಬೀಪ್ ನಿಲ್ಲದೆ ಬರುತ್ತಿದ್ದರೆ ರ‍್ಯಾಮ್. ಬೀಪೂ ಇಲ್ಲ, ಚಿತ್ರವೂ ಇಲ್ಲ ಅಂದರೆ ರ‍್ಯಾಮ್ ಕಿತ್ತು ಮತ್ತೆ ಸ್ವಿಚ್ ಹಾಕಿ. ಆಗ ಬೀಪ್ ಬಂದರೆ ಬೋರ್ಡಿಗೆ ಜೀವ ಇದೆ, ರ‍್ಯಾಮ್ ಮೇಲೆ ಅನುಮಾನ ಪಡಿ. ರ‍್ಯಾಮ್ ಇಲ್ಲದೆಯೂ ಮೌನ ಅಂದರೆ ಮುಂದಿನ ಭಾಗ ಓದಿ.

ಪೆಂಟಿಯಂ 4 ಪ್ರೊಸೆಸರಿನ ಹೀಟ್‌ಸಿಂಕ್ (ಮೇಲೆ ಕೂತು ಬಿಸಿ ಹೀರುವ ಲೋಹದ ತುಂಡು) ತೆಗೆಯುವಾಗ ಜೋಪಾನ. ಎರಡರ ನಡುವಿನ ಇಪ್ಪತ್ತು ವರ್ಷದ ಥರ್ಮಲ್ ಪೇಸ್ಟ್ ಸಿಮೆಂಟ್ ಆಗಿರುತ್ತದೆ. ಜಗ್ಗಿದರೆ ಲಾಕ್ ಹಾಕಿದ್ದರೂ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತುಕೊಂಡು ಬರುತ್ತದೆ. ಹೆಚ್ಚಿನವುಗಳ ಕೆಳಗೆ 478 ಪಿನ್ನು, ನಾಲ್ಕಾದರೂ ಸೊಟ್ಟ. ಬೋರ್ಡ್ ಏಳುತ್ತದೆ ಅನ್ನುವುದಾದರೆ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಹೀಟ್‌ಸಿಂಕನ್ನು ಎತ್ತದೆ ಎಡಕ್ಕೆ ಬಲಕ್ಕೆ ತಿರುಚಿ. ಪಿನ್ ಸೊಟ್ಟ ಆಗಿಯೇ ಹೋಯಿತಾ? ಮಕ್ಕಳ 0.5 ಪೆನ್ ಪೆನ್ಸಿಲ್ ತಗೊಂಡು ಒಳಗಿನ ಕಡ್ಡಿ ತೆಗೆಯಿರಿ. ಅದರ ತೂತಿನ ತುದಿಯನ್ನು ಪಿನ್ನಿಗೆ ತೊಡಿಸಿ ನಿಧಾನಕ್ಕೆ ನೆಟ್ಟಗೆ ಮಾಡಿ. ಒಂದೇ ಸಲಕ್ಕೆ ಬಗ್ಗಿಸಿದರೆ ಮುರಿಯುತ್ತದೆ.

ಉಬ್ಬಿದ ಕೆಪಾಸಿಟರ್

ಹಳೇ ಪೆಂಟಿಯಂ 4 ಬೋರ್ಡಿಗೆ ಬರುವ ದೊಡ್ಡ ರೋಗ ಇದು. ಪ್ರೊಸೆಸರ್ ಸುತ್ತ ಸಾಲಾಗಿ ನಿಂತ ಪುಟ್ಟ ಡಬ್ಬಿಗಳ ತಲೆ ನೋಡಿ. ಅಡ್ಡಗೆರೆ ಕೊರೆದ ತಲೆ ಚಪ್ಪಟೆಯಾಗಿರಬೇಕು. ಪೂರಿಯಂತೆ ಉಬ್ಬಿದ್ದರೆ, ಕಂದು ಬಣ್ಣದ ಕಕ್ಕು ಹೊರಗೆ ಬಂದಿದ್ದರೆ ಹೋಗಿದೆ ಅಂತ. 1999ರಿಂದ 2007ರವರೆಗೆ ತಯಾರಾದ ಬಹಳಷ್ಟು ಕೆಪಾಸಿಟರ್‌ಗಳಲ್ಲಿ ಒಳಗಿನ ದ್ರವದ ಪಾಕವೇ ತಪ್ಪಿತ್ತು. ನೀರಿನಂಶ ಅಲ್ಯುಮಿನಿಯಂ ಜೊತೆ ಸೇರಿ ಹೈಡ್ರೋಜನ್ ಅನಿಲ ಹುಟ್ಟಿ ಡಬ್ಬಿ ಉಬ್ಬಿತು. ಲೋಕದ ತುಂಬ ಮದರ್‌ಬೋರ್ಡ್‌ಗಳು ಹೀಗೇ ಸತ್ತವು. ಡಿಟಿಪಿಯವರ ಬೋರ್ಡಿನಲ್ಲೂ ಐದು ಉಬ್ಬಿದ್ದವು. ಸ್ವಿಚ್ ಹಾಕಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು.

ಡಬ್ಬಿಯ ಮೈಮೇಲೆ ಬರೆದಿರುತ್ತದೆ, ಉದಾಹರಣೆಗೆ 3300 ಮೈಕ್ರೋಫ್ಯಾರಡ್, 6.3 ವೋಲ್ಟ್. ಅದೇ ಮೈಕ್ರೋಫ್ಯಾರಡ್ ಇರಲಿ. ವೋಲ್ಟ್ ಅಷ್ಟೇ ಅಥವಾ ಜಾಸ್ತಿ. 105 ಡಿಗ್ರಿಯದು. ಮುಖ್ಯವಾಗಿ ಲೋ ಇಎಸ್‌ಆರ್ (ಒಳಗಿನ ತಡೆ ಕಡಿಮೆ ಇರುವುದು) ಅಂತ ಕೇಳಿ ತಗೊಳ್ಳಿ. ರೇಡಿಯೋ ರಿಪೇರಿಗೆ ಕೊಡುವ 85 ಡಿಗ್ರಿಯದು ಇಲ್ಲಿ ಬಹಳ ದಿನ ಬಾಳುವುದಿಲ್ಲ. ದಪ್ಪವನ್ನೂ ಅಳೆದುಕೊಂಡು ಹೋಗಿ, ಪಕ್ಕದ್ದಕ್ಕೆ ಒತ್ತಿದರೆ ಕೂರುವುದಿಲ್ಲ. ಉಬ್ಬಿದ್ದು ಐದೇ ಆದರೂ ಅದೇ ಕಂಪನಿಯ, ಅದೇ ಸಾಲಿನ ಅಷ್ಟನ್ನೂ ಬದಲಾಯಿಸಿ.

ಕೀಳುವ ಮೊದಲು ಮೈನಸ್ ಪಟ್ಟಿ ಯಾವ ಕಡೆಗಿದೆ ಅಂತ ಫೋಟೋ ತೆಗೆಯಿರಿ. ಬೋರ್ಡಿನ ಮೇಲೆ ಮುದ್ರಿಸಿದ ಅರ್ಧ ವೃತ್ತ ಹೆಚ್ಚಿನ ಬೋರ್ಡುಗಳಲ್ಲಿ ಮೈನಸ್ ತೋರಿಸುತ್ತದೆ, ಕೆಲವದರಲ್ಲಿ ಪ್ಲಸ್. ಮುದ್ರಣ ನಂಬಬೇಡಿ, ಫೋಟೋ ನಂಬಿ.

25 ವ್ಯಾಟಿನ ಐರನ್ ಇಲ್ಲಿ ನಡೆಯುವುದಿಲ್ಲ. ಬೋರ್ಡಿನ ಒಳಪದರದ ತಾಮ್ರ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. 60 ವ್ಯಾಟ್ ಬೇಕು, ತುದಿ ದಪ್ಪ ಇರಲಿ. ಕೆಳಗಿನಿಂದ ಎರಡೂ ಕಾಲಿಗೆ ಸ್ವಲ್ಪ ಹೊಸ ಬೆಸುಗೆ ಮತ್ತು ಫ್ಲಕ್ಸ್ (ಬೆಸುಗೆ ಹರಿಯಲು ಹಚ್ಚುವ ಪೇಸ್ಟ್) ಹಾಕಿ. ಒಂದು ಕಾಲು ಬಿಸಿ ಮಾಡಿ ಡಬ್ಬಿಯನ್ನು ಆ ಕಡೆ ವಾಲಿಸಿ, ಇನ್ನೊಂದು ಕಾಲು ಬಿಸಿ ಮಾಡಿ ಈ ಕಡೆ. ನಾಲ್ಕು ಸಲ ಹೀಗೆ ಮಾಡಿದರೆ ಹಾಲುಹಲ್ಲಿನಂತೆ ಕಳಚಿಕೊಂಡು ಬರುತ್ತದೆ. ಜಗ್ಗಿದಿರೋ ತೂತಿನ ಒಳಗಿನ ತಾಮ್ರವೂ ಜೊತೆಗೆ ಬರುತ್ತದೆ, ಆಗ ಬೋರ್ಡೇ ಹೋಯಿತು. ತೂತು ಮುಚ್ಚಿದ್ದರೆ ಬಿಸಿ ಇರುವಾಗಲೇ ಹೊಸ ಇಂಜೆಕ್ಷನ್ ಸೂಜಿ ತೂರಿಸಿ. ಸ್ಟೀಲಿಗೆ ಬೆಸುಗೆ ಅಂಟುವುದಿಲ್ಲ. ಮೊದಲ ಕೆಪಾಸಿಟರಿಗೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು, ಐದನೆಯದಕ್ಕೆ ಐದು ನಿಮಿಷ. ಕಿಟಕಿ ತೆಗೆದಿರಲಿ. ಕೆಲಸ ಆದ ಮೇಲೆ ಕೈ ತೊಳೆದೇ ಊಟಕ್ಕೆ ಕೂರಿ, ಆ ಕಾಲದ ಬೆಸುಗೆಯಲ್ಲಿ ನಿಜವಾದ ಸೀಸ ಇದೆ.

ಫ್ಯಾನ್ ತಿರುಗಿತು, ಒಂದು ಬೀಪ್ ಬಂತು, ಪರದೆ ಮೇಲೆ 256 ಎಂಬಿ ಎಣಿಸಿತು. ಅಮ್ಮನನ್ನು ಕರೆದು ತೋರಿಸಿದೆ. "ಇದರಲ್ಲಿ ಸೀರಿಯಲ್ ಬರುತ್ತಾ?" ಅಂದರು.

ಹಾರ್ಡ್ ಡಿಸ್ಕ್: ಓಡಿಸಬೇಡಿ, ಮೊದಲು ನಕಲು ಮಾಡಿ

ಎಲ್ಲರೂ ತಪ್ಪುವುದು ಇಲ್ಲೇ. ಬೋರ್ಡ್ ಎದ್ದ ಖುಷಿಗೆ ಹಳೇ ಡಿಸ್ಕ್ ಸಿಕ್ಕಿಸಿ ವಿಂಡೋಸ್ ಬರುತ್ತಾ ನೋಡುತ್ತಾರೆ. ವಿಂಡೋಸ್ ಏಳುವಾಗ ಡಿಸ್ಕಿನ ಮೇಲೆ ಬರೆಯುತ್ತದೆ, ತಿರುಗಿಸಿ ತಿರುಗಿಸಿ ಓದುತ್ತದೆ. ಕೊನೆಯುಸಿರು ಎಳೆಯುತ್ತಿರುವ ಡಿಸ್ಕಿಗೆ ಅಷ್ಟು ಸಾಕು.

ಐಡಿಇಯಿಂದ ಯುಎಸ್‌ಬಿಗೆ ಬದಲಿಸುವ ಅಡಾಪ್ಟರ್ ತಗೊಳ್ಳಿ. ಅದರ ಜೊತೆ 12 ವೋಲ್ಟ್ ಕೊಡುವ ಪವರ್ ಬ್ರಿಕ್ ಇರಬೇಕು, ದೊಡ್ಡ ಡಿಸ್ಕಿಗೆ ಯುಎಸ್‌ಬಿ ಕರೆಂಟ್ ಸಾಲದು. ಡಿಸ್ಕಿನ ಹಿಂದಿನ ಜಂಪರ್ (ಎರಡು ಪಿನ್ನು ಜೋಡಿಸುವ ಪುಟ್ಟ ಟೊಪ್ಪಿ) ಮಾಸ್ಟರ್ ಅಂತ ಬರೆದ ಜಾಗದಲ್ಲಿರಲಿ. ಹೊಸ ಕಂಪ್ಯೂಟರಿನಲ್ಲಿ ಲಿನಕ್ಸ್ ಓಡಿಸಿ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶದಿಂದ ಇಡೀ ಡಿಸ್ಕಿನ ನಕಲು ತೆಗೆಯಿರಿ. ಅದು ಚೆನ್ನಾಗಿರುವ ಜಾಗವನ್ನೆಲ್ಲ ಮೊದಲು ಓದಿಕೊಂಡು, ಕೆಟ್ಟ ಜಾಗಕ್ಕೆ ಕೊನೆಗೆ ಬರುತ್ತದೆ. ಬುದ್ಧಿವಂತ ಕ್ರಮ. ವಿಂಡೋಸಿನಲ್ಲಿ ಸಿಕ್ಕಿಸಿ, ಅದು ಫಾರ್ಮ್ಯಾಟ್ ಮಾಡಲೇ ಅಂತ ಕೇಳಿದರೆ ದಯವಿಟ್ಟು ಬೇಡ ಅನ್ನಿ. ಡಿಸ್ಕ್ ಟಕ್ ಟಕ್ ಅಂತ ಒಂದೇ ಸಮ ಬಡಿಯುತ್ತಿದ್ದರೆ ಆರಿಸಿಬಿಡಿ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ, ಒಳಗೆ ನೀರು ಬೆವರಿ ಇದ್ದದ್ದೂ ಹೋಗುತ್ತದೆ. ಗುಜರಿಯಿಂದ ತಂದ ಡಿಸ್ಕಾದರೆ ಒಳಗಿರುವುದು ಯಾರದೋ ಮನೆಯ ಫೋಟೋ, ಲೆಕ್ಕಪತ್ರ. ನೋಡುತ್ತ ಕೂರಬೇಡಿ, ಅಳಿಸಿ.

ಡಿಟಿಪಿಯವರ ಡಿಸ್ಕ್ 40 ಜಿಬಿಯದು. ರಾತ್ರಿಯಿಡೀ ಓಡಿ ಬೆಳಿಗ್ಗೆಗೆ ನಕಲು ಮುಗಿದಿತ್ತು. ಒಳಗೆ ಸಾವಿರಾರು ಫೈಲು. ವರ್ಷಕ್ಕೊಂದು ಫೋಲ್ಡರು, ಅದರೊಳಗೆ ಗೃಹಪ್ರವೇಶ, ನಾಮಕರಣ, ವೈಕುಂಠ ಸಮಾರಾಧನೆ, ಗುಬ್ಬಿ, ಶಿರಾ, ಕುಣಿಗಲ್ ಕಡೆಯ ಜಾತ್ರೆಗಳ ಕರಪತ್ರ. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಒಂದಕ್ಷರ ಓದುವುದಕ್ಕಾಗುವುದಿಲ್ಲ. ಕೊಂಬು, ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ. ಇದನ್ನು ನೋಡಿ ಫೈಲ್ ಕೆಟ್ಟಿದೆ ಅಂತ ಅಳಿಸಿದವರಿದ್ದಾರೆ. ಫೈಲ್ ಕೆಟ್ಟಿಲ್ಲ. ಆ ಕಾಲದ ನುಡಿ, ಬರಹ ತಂತ್ರಾಂಶಗಳ ಫಾಂಟ್‌ಗಳು ಯೂನಿಕೋಡ್ (ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಿದ್ದರು. ಅದೇ ಫಾಂಟ್ ಹಾಕಿದರೆ ಕನ್ನಡ ಹಾಗೇ ಎದ್ದು ಬರುತ್ತದೆ. ಯೂನಿಕೋಡ್‌ಗೆ ಬದಲಿಸುವ ಸೌಲಭ್ಯ ನುಡಿಯಲ್ಲೂ ಬರಹದಲ್ಲೂ ಇದೆ. ಅದಕ್ಕೇ ನಕಲು ತೆಗೆದ ಡಿಸ್ಕಿನ ಫಾಂಟ್ಸ್ ಫೋಲ್ಡರನ್ನು ಮೊದಲು ಬೇರೆಡೆ ಎತ್ತಿಡಿ.

ಲಗ್ನಪತ್ರಿಕೆ ಪೇಜ್‌ಮೇಕರ್ ಅನ್ನುವ ಹಳೇ ಡಿಟಿಪಿ ತಂತ್ರಾಂಶದಲ್ಲಿ ಮಾಡಿದ್ದು. ಅದು ಹೊಸ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ಅದನ್ನು ಮಾಡಿದ ಮಷಿನ್ನೇ ಬೇಕಾಯಿತು.

ಅಪ್‌ಗ್ರೇಡ್: ಅದರ ಕಾಲಕ್ಕೆ ತಕ್ಕಷ್ಟು

ಹಳೇ ಪೆಂಟಿಯಂ 4ಕ್ಕೆ ಏನು ಹಾಕಿದರೂ ಯೂಟ್ಯೂಬ್ ಸರಾಗ ಓಡುವುದಿಲ್ಲ. ಆ ಆಸೆ ಬಿಡಿ. 2003ರಲ್ಲಿ ದುಡ್ಡಿದ್ದವರ ಮನೆಯಲ್ಲಿ ಇದು ಹೇಗಿರುತ್ತಿತ್ತೋ ಹಾಗೆ ಮಾಡಿದರೆ ಸಾಕು, ಅದರ ಕಾಲದ ಕೆಲಸವನ್ನು ಅದು ಹಾರಿಕೊಂಡು ಮಾಡುತ್ತದೆ.

ಮೊದಲು ರ‍್ಯಾಮ್. ಹಳೇ ಬಗೆಯ ಎಸ್‌ಡಿರ‍್ಯಾಮ್‌ಗೆ 168 ಪಿನ್ನು, ಎರಡು ಕಚ್ಚು. ಆಮೇಲೆ ಬಂದ ಡಿಡಿಆರ್‌ಗೆ 184, ಒಂದು ಕಚ್ಚು. ಇಂಟೆಲ್ 815 ಚಿಪ್‌ಸೆಟ್ (ಬೋರ್ಡಿನ ಮುಖ್ಯ ಚಿಪ್ಪುಗಳು) 512 ಎಂಬಿಗಿಂತ ಮೇಲೆ ತಗೊಳ್ಳುವುದಿಲ್ಲ, 845 ಡಿಡಿಆರ್ ಬೋರ್ಡುಗಳು 2 ಜಿಬಿವರೆಗೆ. ವಿಂಡೋಸ್ ಎಕ್ಸ್‌ಪಿಗೆ 1 ಜಿಬಿ ಧಾರಾಳ. ವಿಂಡೋಸ್ 98 ಹಾಕುವುದಾದರೆ 512 ಎಂಬಿ ದಾಟಬೇಡಿ, ದಾಟಿದರೆ ಮೆಮೊರಿ ಸಾಲದು ಅಂತ ತಕರಾರು ಮಾಡುತ್ತದೆ! ಇನ್ನೂ ಹಳೆಯ 440ಬಿಎಕ್ಸ್ ಬೋರ್ಡಿಗೆ 256 ಎಂಬಿ ಕಡ್ಡಿ ಹಾಕಿದರೆ 128 ಅಂತ ತೋರಿಸಿದರೆ ಅಂಗಡಿಯವರ ಜೊತೆ ಜಗಳ ಬೇಡ. ಅದಕ್ಕೆ ಎರಡೂ ಕಡೆ ಎಂಟೆಂಟು, ಒಟ್ಟು 16 ಚಿಪ್ ಇರುವ ಕಡ್ಡಿ ಬೇಕು.

ಎರಡನೆಯದು ಡಿಸ್ಕ್, ಅಜಗಜಾಂತರ ಕಾಣುವುದು ಇಲ್ಲಿಯೇ. ಹೊಸ ಡಿಸ್ಕುಗಳ ಸಾಟಾ ಕನೆಕ್ಟರಿನಿಂದ ಐಡಿಇಗೆ ಬದಲಿಸುವ ಪುಟ್ಟ ಬೋರ್ಡ್ ಹಾಕಿ 120 ಜಿಬಿ ಎಸ್‌ಎಸ್‌ಡಿ (ಒಳಗೆ ತಿರುಗುವ ತಟ್ಟೆ ಇಲ್ಲದ ಡಿಸ್ಕ್) ಜೋಡಿಸಿ. ಹಳೇ ಬಯಾಸ್‌ಗಳು 137 ಜಿಬಿಗಿಂತ ದೊಡ್ಡದನ್ನು ಲೆಕ್ಕ ಹಿಡಿಯುವುದಿಲ್ಲ, ಹಾಗಾಗಿ ದೊಡ್ಡದು ತಂದು ಪ್ರಯೋಜನ ಇಲ್ಲ. ಕೇಬಲ್ 80 ಎಳೆಯದು ಇರಲಿ, ಅಂಚಿನ ಬಣ್ಣದ ಗೆರೆ ಒಂದನೇ ಪಿನ್ನಿನ ಕಡೆಗೆ. ವಿಂಡೋಸ್ 98 ಮಷಿನ್ನಿಗೆ ಕಾಂಪ್ಯಾಕ್ಟ್ ಫ್ಲ್ಯಾಷ್ ಕಾರ್ಡ್ ಮತ್ತು ಐಡಿಇ ಅಡಾಪ್ಟರ್ ಸಾಕು. ಸದ್ದಿಲ್ಲ, ಬಿಸಿಯಿಲ್ಲ.

ಡಿಸ್ಪ್ಲೇ ಕಾರ್ಡ್ ಹಾಕುವಾಗ ಎಚ್ಚರ. 845 ಮತ್ತು ಆಮೇಲಿನ ಇಂಟೆಲ್ ಬೋರ್ಡುಗಳಲ್ಲಿ ಡಿಸ್ಪ್ಲೇ ಕಾರ್ಡ್ ಕೂರುವ ಎಜಿಪಿ ಸ್ಲಾಟ್ 1.5 ವೋಲ್ಟಿನದು. 3.3 ವೋಲ್ಟಿನ ಹಳೇ ಕಾರ್ಡಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ. ಕೂರುತ್ತಿಲ್ಲ ಅಂತ ಬಲವಂತ ಮಾಡಬೇಡಿ.

ವಿಂಡೋಸೋ ಲಿನಕ್ಸೋ

ಡಿಟಿಪಿ, ಹಳೇ ಆಟ, ಹಳೇ ಪ್ರಿಂಟರ್ ಬೇಕಾದರೆ ಆ ಕಾಲದ ವಿಂಡೋಸೇ ಸರಿ. ಆದರೆ ಇಂಟರ್ನೆಟ್ ಕೇಬಲ್ ಸಿಕ್ಕಿಸಬೇಡಿ. 98ರ ಬೆಂಬಲ 2006ರಲ್ಲಿ, ಎಕ್ಸ್‌ಪಿಯದು 2014ರಲ್ಲಿ ನಿಂತಿದೆ. ಫೈಲುಗಳನ್ನು ಪೆನ್ ಡ್ರೈವಿನಲ್ಲೋ ಸಿಡಿಯಲ್ಲೋ ಸಾಗಿಸಿ. ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಬರುತ್ತದೆ, ತುಂಗಾ ಅನ್ನುವ ಫಾಂಟ್ ಜೊತೆಗೇ ಇದೆ. ಸುಮ್ನೆ ಬರುವುದಿಲ್ಲ ಅಷ್ಟೆ. ಕಂಟ್ರೋಲ್ ಪ್ಯಾನೆಲ್ಲಿನ ಭಾಷೆಯ ಭಾಗದಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅನ್ನುವುದಕ್ಕೆ ಟಿಕ್ ಹಾಕಬೇಕು, ಆಗ ಎಕ್ಸ್‌ಪಿ ಸಿಡಿ ಕೇಳುತ್ತದೆ. ಟಿಕ್ ಹಾಕದೆ ಒತ್ತಕ್ಷರ ಎಲ್ಲ ಬಿಡಿಬಿಡಿಯಾಗಿ ಕಂಡು ಗಾಬರಿಯಾಗಬೇಡಿ.

ಲಿನಕ್ಸ್ ಹಾಕುವುದಾದರೆ 32 ಬಿಟ್ಟಿನದು ಬೇಕು, ಅವು ಕಡಿಮೆಯಾಗುತ್ತಿವೆ. 2025ರಲ್ಲಿ ಬಂದ ಡೆಬಿಯನ್ 13ಕ್ಕೆ 32 ಬಿಟ್ ಪಿಸಿಯ ಇನ್‌ಸ್ಟಾಲರೇ ಇಲ್ಲ. ಡೆಬಿಯನ್ 12 ಇಲ್ಲವೇ ಆಂಟಿಎಕ್ಸ್ 23 ಹಾಕಿ.

ಡಿಟಿಪಿಯವರ ಮಷಿನ್ನಿಗೆ ನಾನು ಹೊಸದಾಗಿ ಏನೂ ಹಾಕಲಿಲ್ಲ. ಡಿಸ್ಕಿನ ನಕಲನ್ನೇ ಎಸ್‌ಎಸ್‌ಡಿಗೆ ಇಳಿಸಿದೆ, ಡಾಂಗಲ್ ಹಿಂದೆ ಸಿಕ್ಕಿಸಿದೆ. ಅವರ ಎಕ್ಸ್‌ಪಿ ಅವರು ಬಿಟ್ಟಲ್ಲಿಂದಲೇ ಎದ್ದಿತು. ಅವರನ್ನು ಮನೆಗೆ ಕರೆದೆ. ಕನ್ನಡಕ ಹಾಕಿಕೊಂಡು ಕೂತು, ನನ್ನನ್ನು ಏನೂ ಕೇಳದೆ ಎರಡು ಫೋಲ್ಡರ್ ದಾಟಿ ಪತ್ರಿಕೆ ತೆರೆದರು. ಮೇಲೆ ಗಣಪತಿ, ಕೆಳಗೆ ಸುಖಾಗಮನ ಬಯಸುವವರ ಹೆಸರು. ಸ್ವಲ್ಪ ಹೊತ್ತು ನೋಡಿ, "ಛೆ, ಮುಹೂರ್ತದ ಸಾಲಿನಲ್ಲಿ ಒಂದು ದೀರ್ಘ ಬಿಟ್ಟಿದ್ದೀನಲ್ಲಪ್ಪ" ಅಂದರು. ಅಲ್ಲೇ ತಿದ್ದಿ ಸೇವ್ ಮಾಡಿದರು.

ಎತ್ತಿಡುವಾಗ

ಬಳಸದಿದ್ದರೂ ತಿಂಗಳಿಗೊಮ್ಮೆ ಒಂದು ಗಂಟೆ ಓಡಿಸಿ, ಕೆಪಾಸಿಟರ್‌ಗಳಿಗೆ ಅದು ಬೇಕು. ಸಂಜೆ ವೋಲ್ಟೇಜ್ ಕುಣಿಯುವ ಹೊತ್ತು ಬೇಡ, ಯುಪಿಎಸ್ ಇದ್ದರೆ ಒಳ್ಳೆಯದು. ರಿಪೇರಿಗೆ ಬಗ್ಗದ ಬೋರ್ಡುಗಳಿಂದ ಸ್ಕ್ರೂ, ಜಂಪರ್, ಹೀಟ್‌ಸಿಂಕ್ ಬಿಚ್ಚಿಟ್ಟುಕೊಂಡು, ಉಳಿದದ್ದನ್ನು ಇ-ತ್ಯಾಜ್ಯ ತಗೊಳ್ಳುವವರಿಗೇ ಕೊಡಿ. ತಾಮ್ರಕ್ಕೆ ಅಂತ ಸುಡುವವರ ಕೈಗೆ ಬೇಡ. ನೆಲದ ಮೇಲೆ ಇಡದೆ ಮಣೆಯ ಮೇಲಿಡಿ, ಹಳೇ ಪಂಚೆ ಹೊದಿಸಿ.

ಹಿಂದಿನ ಖಾಲಿ ಸ್ಲಾಟುಗಳಿಗೆ ತಗಡಿನ ಪಟ್ಟಿ ಹಾಕುವುದನ್ನು ಮರೆಯಬೇಡಿ. ನಾನು ನಾಳೆ ಹಾಕೋಣ ಅಂತ ಬಿಟ್ಟಿದ್ದೆ. ಮೂರನೇ ವಾರಕ್ಕೆ ನೋಡಿದರೆ ಅದೇ ಪಿಸಿಐ ಸ್ಲಾಟು, ಅದೇ ಕೆಮ್ಮಣ್ಣು.